ನಲ್ಲಿಯ ನೀರು ಬಂದಿತು. ಬಚ್ಚಲ ನೀರು ಎಲ್ಲಿಗೆ ಹೋಗಬೇಕು?

ಊರಿಗೆ ನೀರು ತರುವದು ಪುಣ್ಯದ ಕೆಲಸವೆಂದು ನಮ್ಮ ಹಿರಿಯರು ಬಗೆದಿದ್ದರು. ಕೆರೆ ಕಟ್ಟಿಸಿದವರ, ಬಾವಿ ತೋಡಿಸಿದವರ, ತೂಬು ಇಡಿಸಿದವರ ಹೆಸರುಗಳನ್ನು ಕಲ್ಲಿನಲ್ಲಿ ಕೊರೆಯಿಸಿದರು. ಹಾನಗಲ್ಲ ಸೀಮೆಯ ಹಳೆಯ ಊರುಗಳಲ್ಲಿ ಅಂಥ ಕಲ್ಲುಗಳಿಗೆ ಕೊರತೆಯಿಲ್ಲ. ಆದರೆ ಬಳಸಿ ಚೆಲ್ಲಿದ ನೀರಿಗೆ ದಾರಿ ಮಾಡಿಕೊಟ್ಟವನ ಶಾಸನವೊಂದು ನಮ್ಮ ಕಣ್ಣಿಗೆ ಬಿದ್ದಿಲ್ಲ. ಅದಕ್ಕೆ ಕಾರಣವೂ ಗೂಢವಲ್ಲ. ಸೊಂಟದ ಮೇಲೆ ಹೊತ್ತು ತಂದ ನಾಲ್ಕು ಕೊಡ ನೀರನ್ನು ಯಾವ ಗೃಹಿಣಿಯೂ ಮನಬಂದಂತೆ ಚೆಲ್ಲುತ್ತಿರಲಿಲ್ಲ. ಚೆಲ್ಲಿದ್ದಷ್ಟನ್ನು ಹಿತ್ತಲ ಬಾಳೆಯೂ ಬೀದಿಯ ಬಿಸಿಲೂ ಹಂಚಿಕೊಂಡು ಮುಗಿಸುತ್ತಿದ್ದವು.

ಆ ಕಾಲವು ಈಗ ಹಿಂದೆ ಬಿದ್ದಿತು. ೨೦೧೯ನೆಯ ಇಸವಿಯ ಅಗಸ್ಟ ೧೫ರಂದು ಘೋಷಿತವಾದ ಜಲಜೀವನ ಮಿಶನ್ನು ಹಳ್ಳಿಯ ಪ್ರತಿಯೊಂದು ಮನೆಗೂ ನಲ್ಲಿಯನ್ನು, ಪ್ರತಿಯೊಂದು ತಲೆಗೂ ದಿನಕ್ಕೆ ೫೫ ಲೀಟರ ನೀರನ್ನು ಕೊಡಬೇಕೆಂದು ಗೊತ್ತುಪಡಿಸಿತು. ಇದು ಸ್ತುತ್ಯವಾದ ಕಾರ್ಯವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಮನೆಯೊಳಗೆ ಹೊಕ್ಕ ನೀರು ಮನೆಯಿಂದ ಹೊರಗೆ ಬಂದೇ ಬರುವದೆಂಬ ಸಣ್ಣ ಸಂಗತಿಯನ್ನು ನಾವು ಪೂರ್ಣವಾಗಿ ಲೆಕ್ಕಕ್ಕೆ ಹಿಡಿಯಲಿಲ್ಲ. ಮೂರರಲ್ಲಿ ಎರಡು ಪಾಲು ನೀರು ಬಚ್ಚಲ, ಮುಸುರೆ, ಬಟ್ಟೆ ಒಗೆತಗಳ ಮೂಲಕ ಹೊರಬೀಳುವದೆಂದು ಹಿಡಿಯೋಣ. ಸಾವಿರ ಜನರ ಒಂದು ಹಳ್ಳಿಯಿಂದ ದಿನಕ್ಕೆ ೩೬,೦೦೦ ಲೀಟರಿಗೆ ಮಿಕ್ಕಿದ ಹೊಲಸು ನೀರು. ವರುಷಕ್ಕೆ ಒಂದು ಕೋಟಿ ಮೂವತ್ತು ಲಕ್ಷ ಲೀಟರಿಗೂ ಹೆಚ್ಚು. ದನಗಳ ಮೈತೊಳೆದ ನೀರು ಇದರಲ್ಲಿ ಸೇರಿಲ್ಲ. ಈ ನೀರು ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆಯೇ ಹಾನಗಲ್ಲ, ಶಿಗ್ಗಾಂವಿ, ಸವಣೂರ, ಹಿರೇಕೆರೂರ ಈ ನಾಲ್ಕು ತಾಲೂಕುಗಳ ಹಳ್ಳಿ ಮತ್ತು ತಾಂಡೆಗಳ ಮುಂದಿರುವ ಪ್ರಸ್ತುತ ಪ್ರಶ್ನೆಯಾಗಿದೆ.

ಇದಕ್ಕೆ ಸಾಮಾನ್ಯವಾಗಿ ದೊರೆಯುವ ಉತ್ತರವು ಒಂದೇ: ಕಾಂಕ್ರೀಟಿನ ಗಟಾರ. ಗಟಾರವು ಕಣ್ಣಿಗೆ ಕಾಣುವಂಥ ಕೆಲಸ. ಗುತ್ತಿಗೆದಾರನಿಗೆ ಅದು ಸುಲಭ, ಅಳತೆಯ ಪುಸ್ತಕದಲ್ಲಿ ಬರೆಯುವದಕ್ಕೆ ಅನುಕೂಲ, ಉದ್ಘಾಟನೆಗೂ ಯೋಗ್ಯ. ಆದರೆ ಗಟಾರವು ನೀರನ್ನು ಶುದ್ಧ ಮಾಡುವದಿಲ್ಲ. ನಮ್ಮ ಮನೆಯ ಮುಂದಿನ ಹೊಲಸನ್ನು ಇನ್ನೊಬ್ಬರ ಮನೆಯ ಮುಂದಕ್ಕೆ ಸಾಗಿಸುವದಷ್ಟೇ ಅದರ ಕೆಲಸ. ಆ ಕೊನೆಯ ಮನೆಯು ಯಾರದಾಗಿರುವದೆಂಬುದನ್ನು ನಮ್ಮ ಊರುಗಳ ರಚನೆಯನ್ನು ಬಲ್ಲವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇಳಿಜಾರಿನ ಕೊನೆಗೆ ಅನೇಕ ಕಡೆಗಳಲ್ಲಿ ಬಡವರ ಕೇರಿಯಿದ್ದು, ಅದರಾಚೆಗೆ ಕೆರೆಯಿರುವದು.

ಕೆರೆಯ ಮಾತು ಬಂದುದರಿಂದ ಇಲ್ಲಿ ಸ್ವಲ್ಪ ನಿಲ್ಲುವದು ಅವಶ್ಯ. ಈ ಸೀಮೆಯು ಕೆರೆಗಳ ಸೀಮೆ. ಹಿರೇಕೆರೂರೆಂಬ ಹೆಸರಿನಲ್ಲಿಯೇ ಕೆರೆಯಿದೆ. ಆ ಊರಿನ ದುರ್ಗಾದೇವಿಯ ಕೆರೆಯನ್ನು ಅರಿಯದವರು ಸುತ್ತಮುತ್ತಲಲ್ಲಿ ಇಲ್ಲ. ಮಾಸೂರ ಸಮೀಪದ ಮದಗದ ಕೆರೆಯು ಕಥೆ, ಹಾಡುಗಳಲ್ಲಿ ಸೇರಿಹೋಗಿದೆ. ಹಾನಗಲ್ಲಿನ ಆನೆಕೆರೆಯಿಂದ ಹಿಡಿದು ಬತ್ತದ ಗದ್ದೆಗಳ ತಲೆಯಲ್ಲಿರುವ ಹೆಸರಿಲ್ಲದ ಸಣ್ಣ ಕೆರೆಗಳ ವರೆಗೆ ನೂರಾರು ಜಲಾಶಯಗಳು ಆ ತಾಲೂಕಿನಲ್ಲಿವೆ. ಧರ್ಮಾ ನದಿಯು ವರದೆಗೆ ಸೇರುವದು. ವರದೆಯು ಹಾನಗಲ್ಲ, ಸವಣೂರ ಸೀಮೆಗಳನ್ನು ಮುಟ್ಟಿ ಹರಿದು ಗಳಗನಾಥದ ಹತ್ತಿರ ತುಂಗಭದ್ರೆಯನ್ನು ಕೂಡುವದು. ಹೀಗಿರಲು, ಗಟಾರದ ಬಾಯಿಯನ್ನು ಕೆರೆಗೆ ತೆರೆದವರು ತಮ್ಮ ಊರಿನ ಹೊಲಸನ್ನು ಮುಂದಿನ ಊರಿನ ಕೊಡಕ್ಕೆ ಸುರಿದವರಾಗುವರು. ಸಾಬೂನು, ಉಚ್ಚೆ, ಅಡಿಗೆಯ ಜಿಡ್ಡು ಇವು ಕೆರೆಯನ್ನು ಸೇರಿದರೆ ಅಂತರಗಂಗೆಯು ಹಬ್ಬುವದು. ಅದು ಕೊಳೆತಾಗ ನೀರಿನೊಳಗಿನ ಪ್ರಾಣವಾಯುವು ಕುಗ್ಗಿ ಮೀನು ಸಾಯುವದು. ಬೆಂಗಳೂರಿನ ಬೆಳ್ಳಂದೂರ ಕೆರೆಯು ೨೦೧೫ರಲ್ಲಿ ಬೀದಿಗೆ ನೊರೆ ಉಗುಳಿದುದನ್ನೂ ೨೦೧೮ರ ಜನೇವರಿಯಲ್ಲಿ ಅಲ್ಲಿ ಬೆಂಕಿ ಎದ್ದುದನ್ನೂ ವಾಚಕರು ಮರೆತಿರಲಾರರು. ರಾಜಧಾನಿಗೆ ಬಂದ ಆ ದುರ್ಗತಿಯನ್ನು ಹಳ್ಳಿಗಳು ಅನುಕರಿಸಬೇಕಾದ ಕಾರಣವಿಲ್ಲ.

ಕೆರೆಗಿಂತಲೂ ಹತ್ತಿರದ ಅಪಾಯವು ಕುಡಿಯುವ ನೀರಿನ ಕೊಳವೆಯದು. ಗಟಾರದೊಳಗೆ, ಗಟಾರದ ಮಗ್ಗುಲಲ್ಲಿ ನಲ್ಲಿಯ ಪೈಪುಗಳು ಹಾಯ್ದುಹೋಗುವದನ್ನು ನಾವು ದಿನಾಲು ನೋಡುತ್ತಿರುವೆವು. ನೀರು ಬಿಡುವ ವೇಳೆಯಲ್ಲಿ ಪೈಪಿನೊಳಗೆ ಒತ್ತಡವಿರುವದು. ನೀರು ನಿಲ್ಲಿಸಿದಾಗ ಒತ್ತಡವು ಹೋಗಿ, ಬಿರುಕಿದ್ದಲ್ಲಿ ಹೊರಗಿನ ಹೊಲಸು ಒಳಗೆ ಸೇದಿಕೊಳ್ಳುವದು. ವಾರಕ್ಕೆರಡು ಸಲ ನೀರು ಬಿಡುವ ಊರುಗಳಲ್ಲಿ ಈ ಅಪಾಯವು ಹೆಚ್ಚು. ಬೆಳಗಾಂವಿ ಜಿಲ್ಲೆಯ ರಾಮದುರ್ಗ ತಾಲೂಕಿನ ಮುದೇನೂರಿನಲ್ಲಿ ೨೦೨೨ರ ಅಕ್ಟೋಬರದಲ್ಲಿ, ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ೨೦೨೩ರ ಅಗಸ್ಟದ ಸುಮಾರಿಗೆ, ಕಲುಷಿತವಾದ ನೀರನ್ನು ಕುಡಿದ ಜನರು ಹಾಸಿಗೆ ಹಿಡಿದರು, ಪ್ರಾಣಹಾನಿಯೂ ಆಯಿತು. ನೀರು ಕೊಡುವ ಯೋಜನೆಯೂ ಹೊಲಸು ನೀರು ಒಯ್ಯುವ ಯೋಜನೆಯೂ ಒಂದೇ ಕಾಗದದ ಎರಡು ಮಗ್ಗುಲುಗಳೆಂದು ಅಧಿಕಾರಿಗಳು ಬಗೆಯದ ಹೊರತು ಇಂಥ ಸುದ್ದಿಗಳು ನಿಲ್ಲಲಾರವು.

ಇನ್ನು ಏನು ಮಾಡಬೇಕೆಂಬುದನ್ನು ವಿಚಾರಿಸುವಾಗ, ಈ ನಾಲ್ಕು ತಾಲೂಕುಗಳು ನಕಾಶೆಯ ಮೇಲೆ ಮಗ್ಗುಲುಮಗ್ಗುಲಾಗಿ ಇದ್ದರೂ ಭೂಮಿಯ ಗುಣದಲ್ಲಿ ಒಂದಲ್ಲವೆಂಬುದನ್ನು ಮೊದಲು ಮನಗಾಣಬೇಕು. ಹಾನಗಲ್ಲಿನ ಪಶ್ಚಿಮ ಭಾಗವು ಮಲೆನಾಡಿನ ಸೆರಗು. ಅಲ್ಲಿ ಮಳೆ ಹೆಚ್ಚು, ಬತ್ತದ ಗದ್ದೆ ಹೆಚ್ಚು, ಶ್ರಾವಣದಲ್ಲಿ ಬಾವಿಯ ನೀರು ಕೈಗೆ ಸಿಕ್ಕುವಷ್ಟು ಮೇಲೆ ಬರುವದು. ಸವಣೂರಿನ ಕಡೆಗೆ ಹೋದಂತೆ ಬಯಲುಸೀಮೆಯು ತೆರೆದುಕೊಂಡು ಎರೆಭೂಮಿಯು ಕಾಣಿಸುವದು. ಮಳೆಗಾಲದಲ್ಲಿ ಕಾಲಿಟ್ಟರೆ ಕಾಲನ್ನು ಬಿಡದ, ಬೇಸಗೆಯಲ್ಲಿ ಕೈ ಹೋಗುವಷ್ಟು ಬಿರಿಯುವ ಭೂಮಿ ಅದು. ಶಿಗ್ಗಾಂವಿ, ಹಿರೇಕೆರೂರಗಳಲ್ಲಿ ಮಸಾರಿಯೂ ಎರೆಯೂ ಗರಸೂ ಬೆರೆತಿದ್ದು, ಒಂದೇ ಊರಿನ ಎರಡು ಓಣಿಗಳಲ್ಲಿ ಎರಡು ಬಗೆಯ ನೆಲವಿದ್ದರೆ ಆಶ್ಚರ್ಯವಿಲ್ಲ. ಅನೇಕ ಲಂಬಾಣಿ ತಾಂಡೆಗಳು ಊರಿನಿಂದ ದೂರವಾಗಿ ಗರಸಿನ ದಿಬ್ಬಗಳ ಮೇಲೆ ಇರುವವು. ಇಷ್ಟೊಂದು ಭೇದವಿರುವಲ್ಲಿ ಜಿಲ್ಲಾ ಕಚೇರಿಯಿಂದ ಒಂದೇ ನಕ್ಷೆ, ಒಂದೇ ಅಂದಾಜು ಪತ್ರಿಕೆ ಹೊರಡುವದು ಎಷ್ಟು ಯುಕ್ತ?

ಈ ಮಾತನ್ನು ಲೆಕ್ಕದಿಂದಲೇ ತೋರಿಸಬಹುದು. ೨೦೨೦ರ ತರುವಾಯದ ವರುಷಗಳಲ್ಲಿ ಉದ್ಯೋಗ ಖಾತ್ರಿಯ ಹಣದಿಂದ ರಾಜ್ಯದ ಹಳ್ಳಿಗಳಲ್ಲಿ ಬಚ್ಚಲುಗುಂಡಿಗಳನ್ನು ತೋಡಿಸಿದರು. ನೆಲದಲ್ಲಿ ಗುಂಡಿ ತೆಗೆದು, ಕಲ್ಲು ತುಂಬಿ, ಮನೆಯ ನೀರನ್ನು ಮನೆಯ ಹತ್ತಿರವೇ ಇಂಗಿಸುವ ಈ ಉಪಾಯವು ಬಹಳ ಒಳ್ಳೆಯದು. ಮಹಾರಾಷ್ಟ್ರದ ನಾಂದೇಡ ಜಿಲ್ಲೆಯಲ್ಲಿ ಇದೇ ಉಪಾಯದಿಂದ ಎಷ್ಟೋ ಹಳ್ಳಿಗಳು ಗಟಾರದ ಗೊಡವೆಯನ್ನೇ ಬಿಟ್ಟವು. ಆದರೆ ಐದು ಜನರ ಸಂಸಾರದಿಂದ ದಿನಕ್ಕೆ ಸುಮಾರು ೧೮೦ ಲೀಟರ ನೀರು ಹೊರಬೀಳುವದು. ಮರಳು ಬೆರೆತ ಮಸಾರಿ ಮಣ್ಣಿನ ಗೋಡೆಯು ಚದರ ಮೀಟರಿಗೆ ದಿನಕ್ಕೆ ೩೦ ಲೀಟರಿನಷ್ಟು ನೀರನ್ನು ಬಹುಕಾಲ ಹೀರಬಲ್ಲದೆಂದು ಇಂಜಿನಿಯರರ ಕೈಪಿಡಿಗಳು ಹೇಳುವವು. ಜಿಗುಟಾದ ಎರೆಮಣ್ಣು ೧೦ ಲೀಟರು ಮಾತ್ರ. ಅಂದ ಮೇಲೆ ಮಸಾರಿಯಲ್ಲಿ ಆ ಸಂಸಾರಕ್ಕೆ ೬ ಚದರ ಮೀಟರಿನ ಗೋಡೆ ಸಾಕು. ಉದ್ದ, ಅಗಲ, ಆಳ ತಲಾ ಒಂದೂಕಾಲು ಮೀಟರಿನ ಗುಂಡಿಯಿಂದ ಕೆಲಸವಾಗುವದು. ಎರೆಯಲ್ಲಿ ಬೇಕಾದದ್ದು ೧೮ ಚದರ ಮೀಟರು, ಅಂದರೆ ಅಂಥ ಮೂರು ಗುಂಡಿಗಳು. ಒಂದೇ ಮಾದರಿಯ ಗುಂಡಿಯನ್ನು ಎರಡೂ ಕಡೆ ತೋಡಿಸಿದರೆ ಹಿರೇಕೆರೂರಿನ ಮಸಾರಿಯಲ್ಲಿ ಅದು ಹತ್ತು ವರುಷ ನಡೆದೀತು. ಸವಣೂರಿನ ಎರೆಯಲ್ಲಿ ಮೊದಲನೆಯ ಮಳೆಗಾಲಕ್ಕೇ ತುಂಬಿ ಬೀದಿಗೆ ಹರಿದೀತು. ಆಗ ಹಳ್ಳಿಗರು ‘ಸರಕಾರದ ಗುಂಡಿ ಕೆಲಸಕ್ಕೆ ಬಾರದು’ ಎಂದು ಅದನ್ನು ಮುಚ್ಚುವರು. ಅಧಿಕಾರಿಗಳು ‘ಹಳ್ಳಿಗರಿಗೆ ತಿಳಿವಳಿಕೆ ಸಾಲದು’ ಎಂದು ವರದಿ ಬರೆಯುವರು. ದೋಷವು ಇಬ್ಬರದೂ ಅಲ್ಲ, ಅಳತೆಯದು. ಎರೆಯ ಪದರು ತೆಳುವಾಗಿದ್ದು ಕೆಳಗೆ ಗರಸು ಇದ್ದಲ್ಲಿ ಮಾತ್ರ ಗುಂಡಿಯನ್ನು ಗರಸಿನ ವರೆಗೆ ಇಳಿಸಿ ಯಶಸ್ಸು ಪಡೆಯಬಹುದು.

ಹಾನಗಲ್ಲಿನ ಗದ್ದೆಯ ಊರುಗಳ ತೊಡಕು ಬೇರೆ ತರದ್ದು. ಅಲ್ಲಿ ನೆಲವು ಹೀರುವದಿಲ್ಲವೆಂಬುದಲ್ಲ. ನೆಲದೊಳಗಿನ ನೀರೇ ಮೇಲೆ ಬಂದು ಗುಂಡಿಯನ್ನು ಮುಟ್ಟುವದು. ಗುಂಡಿಯ ತಳಕ್ಕೂ ಅಂತರ್ಜಲಕ್ಕೂ ನಡುವೆ ಎರಡು ಮೀಟರಿನಷ್ಟು ಒಣಮಣ್ಣಿದ್ದರೆ ಆ ಮಣ್ಣೇ ಸೋಸುವ ಬಟ್ಟೆಯಾಗಿ ರೋಗಾಣುಗಳನ್ನು ತಡೆಯುವದು. ಆ ಅಂತರವಿಲ್ಲದಲ್ಲಿ ಇಂಗಿಸುವದೆಂದರೆ ಬಾವಿಗೆ ಹೊಯ್ಯುವದೆಂದೇ ಅರ್ಥ. ಅಂಥಲ್ಲಿ ಗುಂಡಿಯನ್ನು ನೆಲದ ಮೇಲೆ ಎತ್ತರಿಸಿ ಕಟ್ಟಬೇಕು, ಇಲ್ಲವೆ ನೀರನ್ನು ಊರ ಹೊರಗಿನ ಸಸ್ಯದ ತೊಟ್ಟಿಗೆ ಒಯ್ಯಬೇಕು. ೨೦೧೯ರ ನೆರೆಯಲ್ಲಿ ವರದೆಯ ದಂಡೆಯ ಊರುಗಳು ಅನುಭವಿಸಿದುದನ್ನು ಕಂಡವರಿಗೆ ಈ ಎಚ್ಚರಿಕೆಯು ಅತಿಯೆಂದು ತೋರಲಾರದು.

ಈ ವರೆಗೆ ಬಚ್ಚಲ ನೀರಿನ ಮಾತಾಯಿತು. ಪಾಯಖಾನೆಯ ನೀರಿನ ವಿಷಯವು ಬೇರೆಯೇ ಆಗಿದೆ. ಅವೆರಡನ್ನೂ ಕೂಡಿಸಬಾರದೆಂಬುದೇ ಈ ಇಡೀ ಶಾಸ್ತ್ರದ ಮೊದಲನೆಯ ಪಾಠವೆಂದು ನಮ್ಮ ಅಭಿಪ್ರಾಯ. ಚೊಂಬಿನಿಂದ ನೀರು ಹಾಕುವ ಪಾಯಖಾನೆಯಲ್ಲಿ ತಲೆಗೆ ದಿನಕ್ಕೆ ಸುಮಾರು ೧೦ ಲೀಟರು, ಐದು ಜನರ ಮನೆಗೆ ೫೦ ಲೀಟರು ಸಾಕು. ಇಷ್ಟನ್ನು ಎರೆಮಣ್ಣು ಕೂಡ ೫ ಚದರ ಮೀಟರಿನ ಗೋಡೆಯಲ್ಲಿ ಹೀರಿಕೊಳ್ಳುವದು: ಒಂದು ಮೀಟರಿಗೆ ಸ್ವಲ್ಪ ಮಿಕ್ಕಿದ ವ್ಯಾಸ, ಒಂದೂವರೆ ಮೀಟರು ಆಳ. ಇದೇ ಗುಂಡಿಗೆ ಬಚ್ಚಲ ನೀರನ್ನೂ ಬಿಟ್ಟರೆ ಅದು ತುಂಬಿ ಉಕ್ಕುವದು. ಬಚ್ಚಲ ನೀರಿಗೆ ಪಾಯಖಾನೆಯ ನೀರನ್ನು ಬೆರೆಸಿದರೆ ಅಷ್ಟೂ ನೀರು ಅಪಾಯಕಾರಿಯಾಗುವದು. ಆದುದರಿಂದ ಸಣ್ಣ ಊರಿಗೆ ಯೋಗ್ಯವಾದದ್ದು ಜೋಡುಗುಂಡಿಯ ಪಾಯಖಾನೆ. ಒಂದು ಗುಂಡಿ ತುಂಬಿದಾಗ ನೀರನ್ನು ಮತ್ತೊಂದಕ್ಕೆ ತಿರುಗಿಸಿ ಮೊದಲನೆಯದನ್ನು ಎರಡು ವರುಷ ಮುಚ್ಚಿ ಬಿಟ್ಟರೆ ಒಳಗಿನದೆಲ್ಲ ಮಣ್ಣಾಗಿ, ನಾತವಿಲ್ಲದ ಗೊಬ್ಬರವಾಗಿ ಹೊರಬರುವದು. ಅದನ್ನು ತೆಗೆಯುವದಕ್ಕೆ ಮನೆಯವನ ಸಲಿಕೆ ಸಾಕು. ಇದು ಹೊಸ ವಿಚಾರವಲ್ಲ. ಕೊಂಕಣದ ಕಣಕವಲಿಯ ಗೋಪುರಿ ಆಶ್ರಮದಲ್ಲಿ ಅಪ್ಪಾಸಾಹೇಬ ಪಟವರ್ಧನರು ಮಲವನ್ನು ಗೊಬ್ಬರ ಮಾಡುವ ಪಾಯಖಾನೆಯನ್ನು ರೂಪಿಸಿ, ಭಂಗಿಯ ಕೆಲಸವೆಂಬುದೊಂದು ಉಳಿಯದಂತೆ ಮಾಡುವ ಉದ್ದೇಶದಿಂದ ತಮ್ಮ ಕೈಯಿಂದಲೇ ಅದನ್ನು ನಡೆಸಿ ತೋರಿಸಿದ್ದರು. ೧೯೭೦ರಿಂದ ಈಚೆಗೆ ಬಿಂದೇಶ್ವರ ಪಾಠಕರು ಬಿಹಾರದಿಂದ ಆರಂಭಿಸಿ ಜೋಡುಗುಂಡಿಯನ್ನು ದೇಶದಲ್ಲೆಲ್ಲ ಪ್ರಚಾರಕ್ಕೆ ತಂದರು.

ಆದರೆ ನಮ್ಮ ಪೇಟೆಯ ಗೃಹಸ್ಥರಿಗೂ ಅವರನ್ನು ನೋಡಿ ಹಳ್ಳಿಯ ಸ್ಥಿತಿವಂತರಿಗೂ ಸೆಪ್ಟಿಕ್ ಟ್ಯಾಂಕಿನ ಮೇಲೆಯೇ ಮನಸ್ಸು. ಆದಷ್ಟು ದೊಡ್ಡದಾಗಿ ಕಟ್ಟಿಸಿದರೆ ಹುಟ್ಟಿದ ಮಗನ ಮದುವೆಯ ವರೆಗೆ ಬಾಯಿ ತೆರೆಯಬೇಕಾಗಿಲ್ಲವೆಂದು ಹೆಮ್ಮೆಪಡುವವರನ್ನು ನಾವು ಕೇಳಿದ್ದೇವೆ. ಸೆಪ್ಟಿಕ್ ಟ್ಯಾಂಕನ್ನು ಎರಡು ಮೂರು ವರುಷಗಳಿಗೊಮ್ಮೆ ಬರಿದು ಮಾಡಬೇಕೆಂಬುದು ನಿಯಮ. ಇಪ್ಪತ್ತು ವರುಷ ಬಿಟ್ಟ ಟ್ಯಾಂಕಿನ ತಳದ ರಾಡಿಯು ಕಲ್ಲಿನಂತೆ ಗಟ್ಟಿಯಾಗಿ ಯಂತ್ರದ ಕೊಳವೆಗೆ ಬಗ್ಗುವದಿಲ್ಲ. ಆಗ ಮನುಷ್ಯನನ್ನು ಹುಡುಕುವರು. ಒಳಗೆ ಕಟ್ಟಿಕೊಂಡ ವಿಷಾನಿಲವು ಇಳಿದವನನ್ನು ಕ್ಷಣದಲ್ಲಿ ಕೆಡವುವದು; ಅವನನ್ನು ಎತ್ತಲು ಇಳಿದವನನ್ನೂ ಕೆಡವುವದು.

ಈ ಮಾತನ್ನು ಆಡುವಾಗ ಸವಣೂರನ್ನು ನೆನೆಯದಿರುವದು ಶಕ್ಯವಿಲ್ಲ. ೧೯೪೮ರ ವರೆಗೆ ನವಾಬರ ಸಂಸ್ಥಾನವಾಗಿದ್ದ ಈ ಊರು ವೀಳ್ಯದೆಲೆಗೂ ದೊಡ್ಡಹುಣಸೆಯ ಮಹಾವೃಕ್ಷಗಳಿಗೂ ಹೆಸರಾದದ್ದು. ೨೦೧೦ನೆಯ ಇಸವಿಯ ಜುಲೈ ತಿಂಗಳಿನಲ್ಲಿ ಅದು ಬೇರೊಂದು ಕಾರಣಕ್ಕಾಗಿ ನಾಡಿನ ಪತ್ರಿಕೆಗಳ ಮೊದಲ ಪುಟಕ್ಕೆ ಬಂದಿತು. ತಲೆಮಾರುಗಳಿಂದ ಪಾಯಖಾನೆ ಬಳಿಯುವ ಕೆಲಸಕ್ಕೆ ಕಟ್ಟುಬಿದ್ದಿದ್ದ ಭಂಗಿ ಕುಟುಂಬಗಳವರು, ತಾವು ವಾಸವಾಗಿದ್ದ ಸ್ಥಳದಿಂದ ತಮ್ಮನ್ನು ಎಬ್ಬಿಸುವದನ್ನು ಪ್ರತಿಭಟಿಸಿ, ಪುರಸಭೆಯ ಕಚೇರಿಯ ಎದುರಿಗೆ ಮಲವನ್ನು ತಮ್ಮ ಮೈಮೇಲೆ ಸುರಿದುಕೊಂಡರು. ಬಿ. ಬಸವಲಿಂಗಪ್ಪನವರು ಮಂತ್ರಿಗಳಾಗಿದ್ದಾಗ ೧೯೭೦ರ ದಶಕದಲ್ಲಿಯೇ ಮಲ ಹೊರಿಸುವ ಪದ್ಧತಿಯನ್ನು ಕರ್ನಾಟಕದಲ್ಲಿ ನಿಷೇಧಿಸಿದ್ದರು. ೧೯೯೩ರಲ್ಲಿ ಕೇಂದ್ರದ ಕಾಯಿದೆಯೂ ಆಗಿತ್ತು. ಹೀಗಿದ್ದೂ ಇಪ್ಪತ್ತೊಂದನೆಯ ಶತಮಾನದ ಹತ್ತನೆಯ ವರುಷದಲ್ಲಿ ಒಂದು ತಾಲೂಕು ಸ್ಥಳದಲ್ಲಿ ಇದು ನಡೆಯಿತು. ಕಚೇರಿಗೆ ಅರ್ಜಿ ಕೊಟ್ಟು ದಣಿದವರಿಗೆ ತಮ್ಮ ಸ್ಥಿತಿಯನ್ನು ತಿಳಿಸುವದಕ್ಕೆ ಬೇರೆ ಭಾಷೆಯೇ ಉಳಿದಿರಲಿಲ್ಲವೆಂದು ತಿಳಿಯಬೇಕಲ್ಲದೆ ಬೇರೇನು?

೨೦೧೩ರ ಕಾಯಿದೆಯು ಗಟಾರ, ಸೆಪ್ಟಿಕ್ ಟ್ಯಾಂಕುಗಳೊಳಗೆ ರಕ್ಷಣೆಯಿಲ್ಲದೆ ಮನುಷ್ಯರನ್ನು ಇಳಿಸುವದನ್ನು ಅಪರಾಧವೆಂದು ಸಾರಿ, ಮೊದಲನೆಯ ತಪ್ಪಿಗೆ ಎರಡು ವರುಷದ ವರೆಗೆ ಸೆರೆ, ಎರಡು ಲಕ್ಷ ರೂಪಾಯಿಯ ವರೆಗೆ ದಂಡ, ಅಥವಾ ಎರಡನ್ನೂ ಗೊತ್ತುಪಡಿಸಿದೆ. ಗಟಾರದಲ್ಲಿ ಸತ್ತವರ ಕುಟುಂಬಕ್ಕೆ ೧೦ ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟು ೨೦೧೪ರಲ್ಲಿ ಆಜ್ಞಾಪಿಸಿತು. ೨೦೨೩ರ ಅಕ್ಟೋಬರದಲ್ಲಿ ಅದನ್ನು ೩೦ ಲಕ್ಷಕ್ಕೆ ಏರಿಸಿತು. ಕಾಯಿದೆಯು ಇಷ್ಟು ಮಾಡಬಲ್ಲದು. ಆದರೆ ಯಾರಾದರೊಬ್ಬರು ಒಳಗೆ ಇಳಿಯದೆ ನಡೆಯದಂಥ ರಚನೆಯನ್ನು ಇಂದು ಒಂದು ಹಳ್ಳಿಗೆ ಆರಿಸಿಕೊಟ್ಟ ಇಂಜಿನಿಯರನು, ಇನ್ನು ಹದಿನೈದು ವರುಷಕ್ಕೆ ಅದರಲ್ಲಿ ಇಳಿಯುವವನ ಜಾತಿಯನ್ನೂ ಇಂದೇ ಗೊತ್ತುಮಾಡಿದಂತಾಗುವದು. ಹೊಲಸು ನೀರಿನ ಉಪಾಯಗಳನ್ನು ತೂಗುವಾಗ ಖರ್ಚು, ಜಾಗ, ವಿದ್ಯುತ್ತು ಇವೆಲ್ಲವುಗಳಿಗಿಂತ ಮುಂಚೆ ಕೇಳತಕ್ಕ ಪ್ರಶ್ನೆಯು ಇದು: ಇದನ್ನು ಬಳಿಯುವವರು ಯಾರು, ಯಾವುದರಿಂದ ಬಳಿಯುವರು?

ಎರಡನೆಯ ಪ್ರಶ್ನೆಯು ಇದಕ್ಕೆ ಹೊಂದಿಕೊಂಡದ್ದು: ಇದನ್ನು ದಿನಾಲು ನಡೆಸುವವರು ಯಾರು? ದೊಡ್ಡ ಪಟ್ಟಣಗಳಲ್ಲಿ ನಡೆಯುವ ಯಂತ್ರದ ಶುದ್ಧೀಕರಣ ಘಟಕಗಳ ಚಿಕ್ಕ ಮಾದರಿಗಳನ್ನು ಹಳ್ಳಿಗಳಿಗೂ ಮಾರಲು ಬರುವವರಿದ್ದಾರೆ. ಗಾಳಿ ಊದುವ ಯಂತ್ರವು ನಿಂತರೆ ಅದರೊಳಗಿನ ಉಪಯುಕ್ತ ಜೀವಾಣುಗಳು ಒಂದೆರಡು ದಿನಗಳಲ್ಲಿ ಸಾಯತೊಡಗಿ, ಘಟಕವು ಬರಿಯ ನಾತದ ತೊಟ್ಟಿಯಾಗುವದು. ಪಂಚಾಯತಿಗಳ ವಿದ್ಯುತ್ತಿನ ಬಾಕಿಯ ಮಾತು ಯಾರಿಗೂ ಹೊಸದಲ್ಲ. ಕರೆಂಟು ಇದ್ದಾಗಲೂ ಯಂತ್ರ ಕೆಟ್ಟರೆ ರಿಪೇರಿಯವನು ಹುಬ್ಬಳ್ಳಿಯಿಂದ ಬರಬೇಕು. ಶ್ರೀಮಂತ ದೇಶಗಳಿಗೂ ಈ ತೊಡಕು ತಪ್ಪಿಲ್ಲ. ಕೆನಡಾ ದೇಶದ ಮೂಲನಿವಾಸಿ ಜನಾಂಗಗಳ ದೂರದೂರದ ವಸತಿಗಳಲ್ಲಿಯ ೫೩೨ ಹೊಲಸು ನೀರಿನ ವ್ಯವಸ್ಥೆಗಳನ್ನು ಪರೀಕ್ಷಿಸಿ ೨೦೧೧ರಲ್ಲಿ ಅಲ್ಲಿಯ ಸರಕಾರವು ವರದಿ ಪ್ರಕಟಿಸಿತು. ನೂರಕ್ಕೆ ೧೪ ಹೆಚ್ಚಿನ ಅಪಾಯದಲ್ಲಿಯೂ ೫೧ ಮಧ್ಯಮ ಅಪಾಯದಲ್ಲಿಯೂ ಇದ್ದವು. ಆ ಅಪಾಯವನ್ನು ಅಳೆಯುವಾಗ ಅವರು ಯಂತ್ರವನ್ನಷ್ಟೇ ಅಲ್ಲ, ಅದನ್ನು ನಡೆಸುವವನ ತರಬೇತಿಯನ್ನೂ ದಿನದಿನದ ದಾಖಲೆಯನ್ನೂ ಎಣಿಸಿದ್ದರು. ನಮ್ಮ ಅಧಿಕಾರಿಗಳು ಅನುಕರಿಸುವದಾದರೆ ಆ ಎಣಿಕೆಯ ಕ್ರಮವನ್ನು ಅನುಕರಿಸಲಿ.

ಹಾಗಾದರೆ ನೆಲವು ಇಂಗಿಸಿಕೊಳ್ಳದ ಊರುಗಳಿಗೆ ಮಾರ್ಗವೇನು? ಮಾರ್ಗವಿದೆ, ಅದಕ್ಕೆ ಯಂತ್ರವು ಬೇಡ, ಇಳಿಜಾರು ಬೇಕು. ಬಚ್ಚಲ ನೀರನ್ನು ಮೊದಲು ಒಂದು ಸಣ್ಣ ತೊಟ್ಟಿಯಲ್ಲಿ ನಿಲ್ಲಿಸಿ ಜಿಡ್ಡು, ಮಣ್ಣು, ಅನ್ನದ ಅಗುಳುಗಳನ್ನು ತಡೆದು, ಅಲ್ಲಿಂದ ಮೊಳಕಾಲಷ್ಟು ಆಳದ ಖಡಿ ತುಂಬಿದ ಹಾಸಿಗೆಯೊಳಗೆ ಅದನ್ನು ಮೆಲ್ಲಗೆ ಹರಿಯಗೊಡಬೇಕು. ಆ ಖಡಿಯಲ್ಲಿ ಆಪು, ಕಾಬಾಳೆ ಮುಂತಾದ ಗಿಡಗಳನ್ನು ನೆಡುವದು. ಗಿಡದ ಬೇರುಗಳಿಗೂ ಕಲ್ಲುಗಳಿಗೂ ಅಂಟಿಕೊಂಡ ಜೀವಾಣುಗಳು ಹೊಲಸನ್ನು ತಿಂದು ಮುಗಿಸುವವು. ನೀರು ಖಡಿಯ ಮೇಲೆ ಕಾಣಿಸದುದರಿಂದ ಸೊಳ್ಳೆಗೂ ಎಡೆಯಿಲ್ಲ. ತಲೆಗೆ ಒಂದೆರಡು ಚದರ ಮೀಟರಿನ ಜಾಗ ಸಾಕು. ಜಾಗವು ಹೇರಳವಾಗಿದ್ದರೆ ಒಂದರ ಕೆಳಗೊಂದರಂತೆ ಹೊಂಡಗಳನ್ನು ತೆಗೆದು ಬಿಸಿಲಿಗೆ ಬಿಡಬಹುದು. ಸೂರ್ಯನೇ ಅಲ್ಲಿ ರೋಗಾಣುಗಳ ವೈದ್ಯ. ಕಲಕತ್ತೆಯ ಪೂರ್ವಕ್ಕಿರುವ ಸುಮಾರು ೧೨,೫೦೦ ಹೆಕ್ಟೇರಿನ ಜವುಗು ಪ್ರದೇಶದಲ್ಲಿ ಆ ಮಹಾನಗರದ ಹೊಲಸು ನೀರು ತಲೆಮಾರುಗಳಿಂದ ಹೊಂಡಗಳಲ್ಲಿ ನಿಂತು ಮೀನನ್ನೂ ಗದ್ದೆಯನ್ನೂ ಪೋಷಿಸುತ್ತ ಬಂದಿದೆ; ೨೦೦೨ರಲ್ಲಿ ಆ ಪ್ರದೇಶವು ಜಗತ್ತಿನ ಮುಖ್ಯ ಜವುಗು ಭೂಮಿಗಳ ಪಟ್ಟಿಯಲ್ಲಿ ಸೇರಿತು. ನಮ್ಮ ಊರುಗಳಲ್ಲಿ ಹೀಗೆ ಸೋಸಿದ ನೀರನ್ನು ತೆಂಗು, ಬಾಳೆ, ಮೇವಿನ ಹುಲ್ಲುಗಳಿಗೆ ಹಾಯಿಸಬಹುದು. ಹಸಿಯಾಗಿ ತಿನ್ನುವ ಸೊಪ್ಪು, ಮೂಲಂಗಿಗಳಿಗೂ ವೀಳ್ಯದೆಲೆಗೂ ಹಾಯಿಸಕೂಡದು. ಸವಣೂರಿನ ಎಲೆಯ ಹೆಸರನ್ನು ಕಾಯುವವರು ಈ ಕೊನೆಯ ಮಾತನ್ನು ವಿಶೇಷವಾಗಿ ಗಮನಿಸಬೇಕು.

ಇದಕ್ಕೂ ಆರೈಕೆ ಬೇಕು. ತೊಟ್ಟಿಯ ರಾಡಿಯನ್ನು ತೆಗೆಯಬೇಕು, ಬೆಳೆದ ಗಿಡವನ್ನು ಸವರಬೇಕು, ಕೆಲವು ವರುಷಗಳಿಗೊಮ್ಮೆ ಖಡಿಯನ್ನು ತೊಳೆಯಬೇಕು. ಆದರೆ ಇದು ಒಕ್ಕಲಿಗನು ಬಲ್ಲ ಕೆಲಸ. ತಿಂಗಳು ಮರೆತರೆ ವ್ಯವಸ್ಥೆಯು ಮಂದವಾಗುವದು, ಸಾಯುವದಿಲ್ಲ. ಹಳ್ಳಿಗೆ ಇಂಥ ಕ್ಷಮಾಶೀಲ ಉಪಾಯವೇ ಹೊಂದುವದು.

ತಾಲೂಕು ಸ್ಥಳಗಳ ನಾಗರಿಕರಿಗೆ ಇಲ್ಲಿ ಎರಡು ಮಾತು. ನಿಮ್ಮ ಸೆಪ್ಟಿಕ್ ಟ್ಯಾಂಕಿನ ರಾಡಿಯನ್ನು ಹೀರಿದ ಗಾಡಿಯು ಎಲ್ಲಿಗೆ ಹೋಗುವದೆಂದು ಎಂದಾದರೂ ಕೇಳಿದ್ದೀರಾ? ಅದನ್ನು ಸುರಿಯುವದಕ್ಕೆ ಗೊತ್ತಾದ ಸ್ಥಳವಿಲ್ಲದಿದ್ದರೆ ಊರ ಹೊರಗಿನ ಹಳ್ಳವೂ ಯಾರದೋ ಹೊಲವೂ ಅದರ ಸ್ಥಳವಾಗುವವು. ದೇವನಹಳ್ಳಿಯಲ್ಲಿ ೨೦೧೫ರಲ್ಲಿ ಇಂಥ ರಾಡಿಗಾಗಿಯೇ ಒಂದು ಘಟಕವನ್ನು ಸ್ಥಾಪಿಸಿದರು. ದಿನಕ್ಕೆ ಸುಮಾರು ೬,೦೦೦ ಲೀಟರಿನ ಸಣ್ಣ ಘಟಕ. ಬಹುಪಾಲು ಇಳಿಜಾರಿನ ಬಲದಿಂದಲೇ ನಡೆಯುವದು. ರಾಡಿಯನ್ನು ಒಣಗಿಸಿ ಊರ ಕಸದೊಡನೆ ಕೊಳೆಸಿ ಗೊಬ್ಬರ ಮಾಡುವರು. ಪಟ್ಟಣದ ಸುತ್ತಲಿನ ಇಪ್ಪತ್ತು ಮೂವತ್ತು ಹಳ್ಳಿಗಳು ಇಂಥದೊಂದು ಘಟಕವನ್ನು ಆ ಪಟ್ಟಣದೊಡನೆ ಹಂಚಿಕೊಳ್ಳಬಹುದು. ಗಾಡಿಯೂ ಒಂದೇ, ಒಣಗಿಸುವ ಹಾಸೂ ಒಂದೇ. ಪುರಸಭೆಯು ನಗರದ ಇಲಾಖೆಗೆ ಸೇರಿದ್ದು, ಪಂಚಾಯತಿಯು ಗ್ರಾಮದ ಇಲಾಖೆಗೆ ಸೇರ್ದದ್ದು ಎಂಬ ಕಾಗದದ ಗೋಡೆಯೊಂದನ್ನು ದಾಟಿದರೆ ಆಯಿತು. ಹೊಲಸು ನೀರಿಗಂತೂ ಆ ಗೋಡೆಯ ಅರಿವಿಲ್ಲ.

ಹಣದ ವಿಷಯ. ಸ್ವಚ್ಛ ಭಾರತ ಮಿಶನ್ನಿನ ಎರಡನೆಯ ಹಂತವು ೨೦೨೦ರಲ್ಲಿ ಆರಂಭವಾದಾಗ ಬಚ್ಚಲ ನೀರಿನ ವ್ಯವಸ್ಥೆಗೆ ೫,೦೦೦ ಜನರ ವರೆಗಿನ ಹಳ್ಳಿಗೆ ತಲೆಗೆ ೨೮೦ ರೂಪಾಯಿ, ಅದಕ್ಕೂ ದೊಡ್ಡ ಹಳ್ಳಿಗೆ ತಲೆಗೆ ೬೬೦ ರೂಪಾಯಿ ಎಂದು ಗೊತ್ತುಮಾಡಿದರು. ಅದರಲ್ಲಿ ನೂರಕ್ಕೆ ೩೦ರಷ್ಟನ್ನು ಪಂಚಾಯತಿಯು ಹಣಕಾಸು ಆಯೋಗದ ಅನುದಾನದಿಂದ ಹಾಕತಕ್ಕದ್ದು. ೩೦೦ ಜನರ ಒಂದು ತಾಂಡೆಗೆ ಈ ಲೆಕ್ಕದಲ್ಲಿ ಬರುವದು ೮೪,೦೦೦ ರೂಪಾಯಿ. ಚಿಕ್ಕ ಊರಿಗೆ ಮನೆಮನೆಯ ಗುಂಡಿಯೇ ಸಾಕು, ದೊಡ್ಡ ಊರಿಗೆ ಕೊಳವೆ ಬೇಕು ಎಂಬ ತರ್ಕವು ಇದರ ಹಿಂದಿರಬಹುದು. ಆ ತರ್ಕವು ಮಸಾರಿಯ ಮೇಲಿನ ತಾಂಡೆಗೆ ಸರಿಯೇ. ಎರೆಯ ಮೇಲಿನ ಚಿಕ್ಕ ಹಳ್ಳಿಗೆ ಅದು ಅನ್ಯಾಯ. ಅಲ್ಲಿ ಗುಂಡಿಗಳು ಮೂರುಪಟ್ಟು ಬೇಕು, ಇಲ್ಲವೆ ಕೊಳವೆಯೂ ಗಿಡದ ಹಾಸಿಗೆಯೂ ಬೇಕು. ತಲೆಗಳನ್ನು ಎಣಿಸಿದ ಕೈಯೇ ಮಣ್ಣನ್ನೂ ಒಮ್ಮೆ ಮುಟ್ಟಿ ನೋಡಿದ್ದರೆ ಒಳ್ಳೆಯದಿತ್ತು. ಕಟ್ಟುವ ಹಣಕ್ಕಿಂತ ಕಠಿಣವಾದದ್ದು ನಡೆಸುವ ಹಣ. ಮನೆಗೆ ತಿಂಗಳಿಗೆ ಹತ್ತಿಪ್ಪತ್ತು ರೂಪಾಯಿ ಎತ್ತಿ, ಊರಿನ ಒಬ್ಬನಿಗೆ ಕೈಗವಸು, ಬೂಟು, ನಿಯಮಿತ ಸಂಬಳ ಕೊಟ್ಟು ನಡೆಸುವದಕ್ಕೆ ಗ್ರಾಮಸಭೆಯು ಒಪ್ಪದಿದ್ದರೆ ಆ ಊರಿಗೆ ಕೂಡುವ್ಯವಸ್ಥೆಯನ್ನು ಕಟ್ಟಲೇಬಾರದು. ಮನೆಮನೆಯ ಗುಂಡಿಗಳಿಗೇ ಹೆಚ್ಚಿನ ಹಣ ಕೊಡುವದು ಲೇಸು. ಆ ಕೆಲಸಕ್ಕೆ ಒಂದೇ ಕೇರಿಯವನನ್ನು ಕರೆಯುವ ರೂಢಿಗೆ ಗ್ರಾಮಸಭೆಯ ಠರಾವಿನಲ್ಲಿ ಎಡೆಯಿರಕೂಡದೆಂದು ಬೇರೆ ಹೇಳಬೇಕಾಗಿಲ್ಲ. ಬಚ್ಚಲ, ಮುಸುರೆಗಳ ವ್ಯವಹಾರವು ಹೆಂಗಸರದಾದ್ದರಿಂದ ಗುಂಡಿಯ ಸ್ಥಳವನ್ನು ಅವರೇ ತೋರಿಸಬೇಕೆಂಬುದನ್ನು ಮಾತ್ರ ಹೇಳಬೇಕಾಗಿದೆ. ಗಂಡಸರು ಗುರುತು ಹಾಕಿದ ಗುಂಡಿಗೆ ಬಚ್ಚಲ ನೀರು ಏರಿ ಹೋಗಬೇಕಾದ ಉದಾಹರಣೆಗಳುಂಟು.

ಇಷ್ಟಕ್ಕೆಲ್ಲ ಮೊದಲು ನಡೆಯತಕ್ಕ ಕೆಲಸವು ಅತ್ಯಲ್ಪ ಖರ್ಚಿನದು. ಪ್ರತಿಯೊಂದು ಓಣಿಯಲ್ಲಿ ಒಂದಡಿ ಅಗಲ, ಮೂರಡಿ ಆಳದ ಕುಣಿಯನ್ನು ತೆಗೆದು, ರಾತ್ರಿಯೆಲ್ಲ ನೀರು ನಿಲ್ಲಿಸಿ, ಮರುದಿನ ಮತ್ತೆ ನೀರು ತುಂಬಿ, ಅರ್ಧ ತಾಸಿಗೆ ಎಷ್ಟು ಬೆರಳು ಇಳಿಯಿತೆಂದು ಅಳೆದು ಬರೆದಿಡುವದು. ಶಾಲೆಯ ಹುಡುಗರೂ ಮಾಡಬಹುದಾದ ಪರೀಕ್ಷೆ ಇದು. ಹತ್ತಿರದ ಬಾವಿಯ ನೀರು ಎಷ್ಟು ಕೆಳಗಿದೆಯೆಂಬುದನ್ನೂ ಅದರ ಮಗ್ಗುಲಿಗೆ ಬರೆಯಬೇಕು. ಆದರೆ ವರುಷದ ಹಣ ಮುಗಿಸುವ ಆತುರದಲ್ಲಿ ಈ ಪರೀಕ್ಷೆಯನ್ನು ಮಾರ್ಚ ತಿಂಗಳಿನಲ್ಲಿ ಮಾಡಿಸಬಾರದು. ಆಗ ಎರೆಭೂಮಿಯು ಬಿರುಕುಬಿಟ್ಟು ಎಷ್ಟು ನೀರು ಹೊಯ್ದರೂ ನುಂಗುವದು. ಹಾನಗಲ್ಲಿನ ಬಾವಿಯೂ ಆಳಕ್ಕೆ ಇಳಿದಿರುವದು. ಕಾಗದದ ಮೇಲೆ ಎಲ್ಲವೂ ಚೆನ್ನಾಗಿ ಕಾಣುವದು. ಶ್ರಾವಣ ಮಾಸದಲ್ಲಿ, ಭೂಮಿಯು ಉಬ್ಬಿ ಬಿರುಕುಗಳೆಲ್ಲ ಮುಚ್ಚಿದ ಮೇಲೆ, ಕೆಸರಿನಲ್ಲಿ ಕಾಲಿಟ್ಟು ಅಳೆದ ಅಳತೆಯನ್ನೇ ಅಂದಾಜು ಪತ್ರಿಕೆಗೆ ಲಗತ್ತಿಸತಕ್ಕದ್ದೆಂದು ಜಿಲ್ಲಾ ಪಂಚಾಯತಿಯು ಒಂದು ಸುತ್ತೋಲೆಯನ್ನು ಹೊರಡಿಸಲಿ.